ಗಂಡಭೇರುಂಡ ಹೆಂಗ ಒದರತೈತಿ?

ಸಂಗೀತದ ಮೊದಲ ಎರಡು ಸ್ವರಗಳು ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಯೊಳಗೆ ಒಂದೇ ಆವರಣದಲ್ಲಿ ಮೇಯುತ್ತಿವೆ. ಅಲಂಕಾರಕ್ಕೆ ಹೇಳಿದ ಮಾತಲ್ಲ ಇದು. ನಾರದೀಯ ಶಿಕ್ಷೆಯಂಥ ಹಳೆಯ ಗ್ರಂಥಗಳು ಷಡ್ಜವನ್ನು ನವಿಲಿಗೂ ಋಷಭವನ್ನು ದನಕ್ಕೂ ಬರೆದುಕೊಟ್ಟಿವೆ. ಬಂಕಾಪುರದ ಕೋಟೆಯಲ್ಲಿ ಖಿಲಾರಿ ದನಗಳ ತಳಿ ಕೇಂದ್ರವಿದೆ. ಆ ದನಗಳಿಗೆಂದು ಬೆಳೆಸಿದ ಮೇವಿನ ನಡುವೆ ನವಿಲುಗಳು ಬೀಡುಬಿಟ್ಟವು. 2006ರಲ್ಲಿ ಸರ್ಕಾರ ಆ ಜಾಗವನ್ನು ನವಿಲುಗಳ ಸಂರಕ್ಷಣಾ ಮೀಸಲು ಎಂದು ಸಾರಿತು. ಅಲ್ಲಿಗೆ 'ಸಾ' ಮತ್ತು 'ರಿ' ಎರಡಕ್ಕೂ ಸರ್ಕಾರಿ ವಸತಿ ಸಿಕ್ಕಂತಾಯಿತು. ಉಳಿದ ಐದು ಸ್ವರಗಳು ತಮ್ಮ ಹೊಟ್ಟೆಪಾಡನ್ನು ತಾವೇ ನೋಡಿಕೊಳ್ಳುತ್ತಿವೆ.

ಹೀಗಿದ್ದರೂ ಸಂಗೀತ ಕಲಿಯುವವರು ತಂಬೂರಿ ಹೊತ್ತುಕೊಂಡು ಬಂಕಾಪುರಕ್ಕೆ ಬಂದು ಶ್ರುತಿ ಕೂಡಿಸಿಕೊಂಡದ್ದನ್ನು ಯಾರೂ ಕಂಡಿಲ್ಲ. ಕಾರಣ ತಿಳಿಯಬೇಕಾದರೆ ಮುಂಗಾರಿನ ಮೊದಲ ಮೋಡ ಕಟ್ಟಿದ ಸಂಜೆ ಕೋಟೆಯ ಕಂದಕದ ಬದಿಯಲ್ಲಿ ನಿಲ್ಲಬೇಕು. ಮೊದಲು ಗಿಡಗಂಟಿಯ ಮರೆಯಿಂದ ಒಂದು ನವಿಲು ಕೂಗುತ್ತದೆ. ಅದಕ್ಕೆ ಆಚೆ ಗೋಡೆಯ ಮೇಲಿಂದ ಇನ್ನೊಂದು ಮಾರುತ್ತರ ಕೊಡುತ್ತದೆ. ಮೂರನೆಯದು ಬಾಯಿ ಹಾಕಿದ ಮೇಲೆ ಯಾರು ಯಾರಿಗೆ ಏನು ಹೇಳುತ್ತಿದ್ದಾರೆಂಬುದು ದೇವರಿಗೇ ಗೊತ್ತು. ಶಾಲೆಯ ಪುಸ್ತಕ ಇದಕ್ಕೆ 'ಕೇಕೆ' ಎಂದು ಹೆಸರಿಟ್ಟಿದೆ. ನನ್ನ ಕಿವಿಗೆ ಅದು ಕೇಕೆಯಲ್ಲ, ತಕರಾರು. ಆ ಉದ್ದ ಕೊರಳಿನ ಬುಡದಿಂದ ಹೊರಟ 'ಕ್ಯಾಂ' ಮೇಲೆ ಬರುವಷ್ಟರಲ್ಲಿ ತುಕ್ಕು ಹಿಡಿದ ಗೇಟು ತೆರೆದ ಹಾಗಾಗಿ, ಕೊನೆಗೆ 'ಆಂವ್' ಎಂದು ಅಳುಮೋರೆ ಹಾಕಿ ಮುಗಿಯುತ್ತದೆ. ಊರ ಬೆಕ್ಕುಗಳು ತಲೆಯೆತ್ತಿ, ನಮ್ಮವರು ಯಾರೋ ಕಷ್ಟದಲ್ಲಿದ್ದಾರೆ ಎಂಬ ಮುಖ ಮಾಡುತ್ತವೆ.

ನನ್ನ ಪರಿಚಯದ ಪೇಟಿ ಮಾಸ್ತರರೊಬ್ಬರನ್ನು ಒಮ್ಮೆ ಒತ್ತಾಯ ಮಾಡಿ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವರು ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕೇಳಿದರು.

"ಏನ್ರಿ ಮಾಸ್ತರ, ಷಡ್ಜ ಹೌದಲ್ರಿ?" ಅಂದೆ.

"ಇದು ಕರಿ ಎರಡರಾಗೂ ಇಲ್ಲ, ಬಿಳಿ ಮೂರರಾಗೂ ಇಲ್ಲ," ಎಂದರು. "ಎರಡೂ ಮನೀ ನಡುವಿನ ಸಂದ್ಯಾಗ ಐತ್ರಿ. ಅಲ್ಲಿಗೆ ನನ್ನ ಬಟ್ಟು ಹೋಗಂಗಿಲ್ಲ."

ಆಮೇಲೆ ಖಿಲಾರಿ ಹೋರಿಯೊಂದು ಕೊಟ್ಟಿಗೆಯೊಳಗಿಂದ ಗಂಭೀರವಾಗಿ ಋಷಭ ಹಚ್ಚಿತು. ಮಾಸ್ತರರು ಅದಕ್ಕೆ ತಲೆದೂಗಿದರು. ನವಿಲಿಗಿಂತ ದನಕ್ಕೆ ತಾಲೀಮು ಚೆನ್ನಾಗಿದೆ ಎಂಬುದು ಅವರ ತೀರ್ಮಾನ.

ಈ ಭಾಗದವರು ಸ್ವರದ ವಿಷಯದಲ್ಲಿ ಹೀಗೆ ತೀರ್ಪು ಕೊಡುವುದಕ್ಕೆ ಹಕ್ಕುಳ್ಳವರು. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 1914ರಲ್ಲಿ ಹುಟ್ಟಿದ್ದು ಅದೇ ತಾಲ್ಲೂಕಿನ ದೇವರ ಹೊಸಪೇಟೆಯಲ್ಲಿ. ಇಬ್ಬರಿಗೂ ಕಣ್ಣಿರಲಿಲ್ಲ, ಲೋಕ ಅವರಿಗೆ ಕಿವಿಯಿಂದಲೇ ಬಂತು. ಹಾನಗಲ್ಲ ಕುಮಾರಸ್ವಾಮಿಗಳು ಆ ಕಿವಿಯ ಬೆಲೆ ಗುರುತಿಸಿ ಪಂಚಾಕ್ಷರಿಗಳಿಗೆ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿಯವರೂ ತಮ್ಮ ಹೆಸರಿನ ಕೊನೆಗೆ ಹಾನಗಲ್ಲನ್ನೇ ಕಟ್ಟಿಕೊಂಡು ಹೋದರು. ಇಂಥ ಸೀಮೆಯಲ್ಲಿ ನವಿಲು ಅಪಸ್ವರ ಎಳೆದರೆ ಕೇಳಿಸಿಕೊಂಡು ಸುಮ್ಮನಿರುವವರು ಯಾರು?

ಮಿಕ್ಕ ಸ್ವರಗಳ ಹಾಜರಿಯನ್ನು ಬೇಗ ಹಾಕಿಬಿಡುತ್ತೇನೆ. ಗಾಂಧಾರ ಆಡು-ಕುರಿಗಳದು, ಯಾವ ಊರಿನ ಸಂತೆಗೆ ಹೋದರೂ ಧಾರಾಳ, ಆದರೆ ಮಧ್ಯಾಹ್ನದ ಹೊತ್ತಿಗೆ ಮಾರಾಟವಾಗಿ ಹೋಗಿರುತ್ತದೆ. ಮಧ್ಯಮ ಕ್ರೌಂಚದ್ದು, ಹಿರೇಕೆರೂರಿನ ಕೆರೆಯಂಚಿನಲ್ಲಿ ನಿಂತ ಕೊಕ್ಕರೆಗಳನ್ನು ಕೇಳಿದರೆ ಅವು ಮೀನಿನ ಕಡೆ ನೋಡುತ್ತವೆಯೇ ಹೊರತು ಬಾಯಿ ಬಿಡುವುದಿಲ್ಲ. ಪಂಚಮ ಕೋಗಿಲೆಯದು. ಹಾನಗಲ್ಲಿನ ಆಪೂಸ್ ತೋಟಗಳಲ್ಲಿ ಚೈತ್ರದಿಂದ ಅದಕ್ಕೆ ಬಿಡುವೇ ಇರುವುದಿಲ್ಲ. ಧೈವತ ಕುದುರೆಯದು, ಸವಣೂರಿನಲ್ಲಿ ನವಾಬರಿದ್ದಾಗ ಬೇಕಾದಷ್ಟು ಕೇಳಿಸಿರಬೇಕು, ಈಗ ಮದುವೆ ಮೆರವಣಿಗೆಗೆ ಬಾಡಿಗೆ ಕುದುರೆ ಬಂದಾಗ ಸಿಗುತ್ತದೆ, ಅದೂ ಬ್ಯಾಂಡಿನವರು ನಡುವೆ ಉಸಿರು ತೆಗೆದುಕೊಂಡರೆ. ನಿಷಾದ ಆನೆಯದು. ಹಾನಗಲ್ಲಿನಲ್ಲಿ ಆನಿಕೆರೆ ಇದೆ. ಕೆರೆ ಇದೆ, ನೀರು ಇದೆ, ಆನೆ ಒಂದು ಬಿಟ್ಟು ಉಳಿದದ್ದೆಲ್ಲ ಇದೆ.

ಸವಣೂರಿನ ಮಾತು ಬಂದಾಗ ದೊಡ್ಡಹುಣಸೆ ಮಠದ ಮರಗಳನ್ನು ನೆನೆಯದೆ ಮುಂದೆ ಹೋಗಲಾರೆ. ಹೆಸರಿಗೆ ಹುಣಸೆ, ಜಾತಿಯಲ್ಲಿ ಆಫ್ರಿಕದ ಬಾವೊಬಾಬ್. ಯಾರು, ಯಾವಾಗ ತಂದು ನೆಟ್ಟರೋ, ಊರಿನವರೆಲ್ಲ ಕೈಹಿಡಿದು ಸುತ್ತ ನಿಲ್ಲುವಷ್ಟು ದಪ್ಪಗಾದವು. ಅವುಗಳ ಬಳಗದ ಮರಗಳ ಕೆಳಗೆ ಆಫ್ರಿಕದಲ್ಲಿ ಸಿಂಹ ಗರ್ಜಿಸುತ್ತದೆ, ಆನೆ ಘೀಳಿಡುತ್ತದೆ. ಸವಣೂರಿನ ಮರಗಳ ಪಾಲಿಗೆ ಬಂದದ್ದು ಖಾರಾ-ಚುರಮರಿಯ ಗಾಡಿಗಳು, ವೀಳ್ಯದೆಲೆಯ ವ್ಯಾಪಾರಿಗಳು ಮತ್ತು ಅರ್ಧ ಉರ್ದು ಅರ್ಧ ಕನ್ನಡದ ಜಗಳಗಳು. ಅವು ದೂರಿಲ್ಲ. ಗರ್ಜನೆಯ ಕೊರತೆ ಅವಕ್ಕೆಂದೂ ಕಾಣಿಸಿರಲಾರದು.

ನಾನು ಹಾನಗಲ್ಲಿನಲ್ಲಿ ಹುಟ್ಟಿ, ಶಿಗ್ಗಾವಿಯಲ್ಲಿ ಮಾಸ್ತರಿಕೆ ಮಾಡಿ, ಸವಣೂರಿನಿಂದ ಹೆಣ್ಣು ತಂದುಕೊಂಡು, ಹಿರೇಕೆರೂರಿನಲ್ಲಿ ನೆಂಟರ ಹೊಲ ಕಾಯ್ದವನು. ನಾಲ್ಕೂ ತಾಲ್ಲೂಕಿನ ಒದರಾಟ ಕೇಳಿ ಬಲ್ಲೆ. ಪುಸ್ತಕದಲ್ಲಿ ಕುದುರೆ ಕೆನೆಯುತ್ತದೆ, ನರಿ ಊಳಿಡುತ್ತದೆ, ಕಪ್ಪೆ ವಟಗುಟ್ಟುತ್ತದೆ. ನಮ್ಮ ಕಡೆ ಎಲ್ಲವೂ ಒದರುತ್ತವೆ, ಅಷ್ಟೆ. ಮಾಸ್ತರನಾಗಿ ಅದನ್ನು ತಿದ್ದುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ನಿವೃತ್ತನಾದ ಮೇಲೆ ಕಿವಿಗೊಟ್ಟು ಕೇಳಿದಾಗ ಬೇರೆಯೇ ಒಂದು ಸಂಗತಿ ಹೊಳೆಯಿತು. ಈ ನಾಲ್ಕು ತಾಲ್ಲೂಕುಗಳಲ್ಲಿ ಪ್ರಾಣಿಗಳು ಒದರುವುದನ್ನು ಎಂದೋ ಕಡಿಮೆ ಮಾಡಿವೆ. ಅವುಗಳ ಪಾಲಿನ ಕೆಲಸವನ್ನು ನಾವೇ ವಹಿಸಿಕೊಂಡಿದ್ದೇವೆ.

ಕತ್ತೆಯನ್ನೇ ನೋಡಿ. ಕತ್ತೆ ಹಾಲು ಮಾರುವವರು ಓಣಿಗೆ ಬಂದರೆ ಮೊದಲು ಕೇಳುವುದು ಮನುಷ್ಯನ ದನಿ. "ಕತ್ತಿ ಹಾಲ್ರೀ, ಕತ್ತಿ ಹಾಲೂ! ಕೂಸಿಗೆ ಕೆಮ್ಮಿದ್ರ, ನೆಗಡಿದ್ರ, ಕತ್ತಿ ಹಾಲೂ!" ಕೆಲವರು ಕೊರಳಿಗೆ ಮೈಕು ಬೇರೆ ಹಾಕಿಕೊಂಡಿರುತ್ತಾರೆ. ಓಣಿ ಮುಗಿಯುವವರೆಗೆ ಅವರ ದನಿ ಏರುತ್ತ ಹೋಗುತ್ತದೆ. ಹಗ್ಗದ ಇನ್ನೊಂದು ತುದಿಯಲ್ಲಿ ಕತ್ತೆ, ತನ್ನ ಮರಿಯ ಪಕ್ಕದಲ್ಲಿ, ಈ ಗದ್ದಲಕ್ಕೂ ತನಗೂ ಸಂಬಂಧವಿಲ್ಲ ಎಂದು ನೆಲ ನೋಡುತ್ತ ಬರುತ್ತದೆ. ಇಬ್ಬರಲ್ಲಿ ಮರ್ಯಾದಸ್ಥರು ಯಾರೆಂದು ಹೊಸಬರಿಗೆ ಗುರುತು ಹತ್ತುವುದಿಲ್ಲ.

ಹೋರಿ ಬೆದರಿಸುವ ಹಬ್ಬದಲ್ಲೂ ಅಷ್ಟೆ. ದೀಪಾವಳಿ ಮುಗಿಯಿತೆಂದರೆ ಹಾನಗಲ್ಲ, ಹಿರೇಕೆರೂರ ಕಡೆಯ ಊರೂರಿನಲ್ಲೂ ಅಖಾಡ ಸಿದ್ಧವಾಗುತ್ತದೆ. ವರ್ಷವಿಡೀ ಹಿಂಡಿ-ಹುರುಳಿ ತಿನ್ನಿಸಿ ಬೆಳೆಸಿದ ಹೋರಿಗೆ ಕೊಬ್ಬರಿ ಸರ, ಕೊರಳಿಗೆ ಗೆಜ್ಜೆ, ಕೋಡಿಗೆ ಬಣ್ಣ, ಬಲೂನು. ಪೀಪಿ ಹೋರಿಯಾದರೆ ತಲೆಯ ಮೇಲೆ ಆಳೆತ್ತರದ ಅಲಂಕಾರ. ಹೆಸರುಗಳಂತೂ ಹುಲಿ, ಸಿಂಹ, ರಾಕ್ಷಸ, ಡಾನ್. ಇಷ್ಟೆಲ್ಲ ಬಿರುದು ಹೊತ್ತ ಪ್ರಾಣಿ ಒಂದಿಷ್ಟಾದರೂ ಗರ್ಜಿಸಬೇಡವೇ? ಇಲ್ಲ. ಗರ್ಜನೆಯೆಲ್ಲ ಮೈಕು ಹಿಡಿದವನ ಪಾಲು. ಹೋರಿ ಬಿಡುವ ಮೊದಲೇ ಅದರ ವಂಶಾವಳಿ, ಹಿಂದಿನ ವರ್ಷದ ಪ್ರತಾಪ, ಮಾಲೀಕರ ಮನೆತನ, ಅವರ ಗೆಳೆಯರ ಬಳಗ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕೂಗಿ ಮುಗಿಸುತ್ತಾನೆ. ಹಿಂದೆಯೇ ಹಲಿಗೆ, ಪಟಾಕಿ, ಸಿಳ್ಳೆ, 'ಹೋ' ಎಂಬ ಸಾವಿರ ಗಂಟಲು. ಬೇಲಿಗೆ ಒತ್ತಿ ನಿಂತಿದ್ದ ನನ್ನ ಮುಂದೆಯೇ ಹೋರಿಯೊಂದು ಹಾದುಹೋಯಿತು. ಮೂಗಿನ ಹೊಳ್ಳೆಗಳಿಂದ 'ಫೂಸ್' ಎಂದಿತು, ಬಿಸಿ ಗಾಳಿ ಮುಂಗೈಗೆ ತಾಗಿತು. ಅಷ್ಟೇ. ಪುಸ್ತಕದ 'ಅಂಬಾ' ಇಲ್ಲ, ಹೆಸರಿಗೆ ತಕ್ಕ ಗರ್ಜನೆಯಿಲ್ಲ. ಆ 'ಫೂಸ್' ಕೇಳಿದ ಯುವಕರು ಬೇಲಿಯನ್ನು ಎರಡು ಕಡೆ ಮುರಿದುಕೊಂಡು ಆಚೆ ಹಾರಿದರು.

ಇದೆಲ್ಲ ಹಳೆಯ ಸಂಪ್ರದಾಯ. ಹೊಸದು ಹಿರೇಕೆರೂರ ಸೀಮೆಯ ಗೋವಿನಜೋಳದ ಹೊಲಗಳಲ್ಲಿದೆ. ತೆನೆ ಹಾಲು ಕಟ್ಟುವ ಹೊತ್ತಿಗೆ ಕಾಡುಹಂದಿಗಳು ಬರುತ್ತವೆ. ಒಂದು ತೆನೆ ತಿಂದು ಹೋಗುವ ಜಾತಿಯಲ್ಲ ಅದು. ತಿಂದದ್ದಕ್ಕಿಂತ ಕೆಡವಿ ಹೊರಳಾಡಿದ್ದೇ ಹೆಚ್ಚು. ಹಿಂದಿನವರು ಮಂಚಿಗೆ ಹಾಕಿ, ರಾತ್ರಿಯಿಡೀ ಡಬ್ಬಿ ಬಡಿದು, ಹಂದಿ ಕಾಯುತ್ತಿದ್ದರು. ಈಗ ಬಂದಿದೆ ಒಂದು ಪುಟ್ಟ ಮೈಕು. ಗೂಟದ ಮೇಲೆ ಕಟ್ಟಿ, ಬ್ಯಾಟರಿಗೆ ಜೋಡಿಸಿ, ಬೇಕಾದ ಸದ್ದನ್ನು ಒಮ್ಮೆ ತುಂಬಿಸಿದರೆ ಸಾಕು, ಬೆಳಗಿನವರೆಗೆ ಅದನ್ನೇ ಒದರುತ್ತದೆ.

ನನ್ನ ಸೋದರಮಾವನ ಮಗ ಇಂಥದ್ದೊಂದನ್ನು ತಂದ. ಅದರಲ್ಲಿ ಮೊದಲೇ ತುಂಬಿ ಬಂದಿದ್ದ ಸದ್ದು ಅವನಿಗೆ ಹಿಡಿಸಲಿಲ್ಲ. "ಇದು ಯಾವೂರ ನಾಯಿನೋ ಏನೋ. ನಮ್ಮ ಹಂದಿಗೆ ನಮ್ಮ ನಾಯಿನ ಬೇಕು" ಎಂದು ಮನೆಯ ಕಾಳ್ಯಾನನ್ನು ಎದುರಿಗೆ ಕೂರಿಸಿ ಗುಂಡಿ ಒತ್ತಿದ. ಹಗಲೂ ಇರುಳೂ ಬೊಗಳಿ ಓಣಿಯವರ ನಿದ್ದೆ ಕೆಡಿಸುತ್ತಿದ್ದ ಕಾಳ್ಯಾ ಆ ಗಳಿಗೆಯಿಂದ ಮೌನವ್ರತ ಹಿಡಿದ. ರೊಟ್ಟಿ ತೋರಿಸಿದರೆ ಬಾಲ ಆಡಿಸಿದ. ಕೋಲು ತೋರಿಸಿದರೆ ಬಾಲ ಮುದುರಿದ. ಪಕ್ಕದ ಮನೆಯ ಬೆಕ್ಕನ್ನು ಎತ್ತಿ ತಂದು ಎದುರಿಗಿಟ್ಟರೆ ಮುಖವನ್ನು ಆ ಕಡೆ ತಿರುಗಿಸಿದ. ಕೊನೆಗೆ ಬೇಸತ್ತು ಇವನೇ ಮೈಕಿಗೆ ಬಾಯಿ ಕೊಟ್ಟು ಬೊಗಳಿದ: ಮೊದಲು ನಾಯಿ, ನಡುವೆ "ಹೋ ಹೋ ಹೋಯ್, ಹಿಡಿ ಅದನ್ನ!" ಎಂಬ ಮನುಷ್ಯ, ಆಮೇಲೆ ಡಬ್ಬಿ, ಮತ್ತೆ ನಾಯಿ.

ಆ ರಾತ್ರಿ ನಾನು ಅವರ ಮನೆಯಲ್ಲೇ ಇದ್ದೆ. ಊಟ ಮಾಡಿ ಕಟ್ಟೆಯ ಮೇಲೆ ಕೂತರೆ ಹೊಲದ ಕಡೆಯಿಂದ ಬೊಗಳಾಟ ತೇಲಿ ಬಂತು. ಹಗಲೆಲ್ಲ ತುಟಿ ಬಿಚ್ಚದ ಕಾಳ್ಯಾ ತಟ್ಟನೆ ಎದ್ದ. ತನ್ನ ಸರಹದ್ದಿನಲ್ಲಿ ಹೊಸ ನಾಯಿ! ಒಂದೇ ಓಟಕ್ಕೆ ಹೊಲಕ್ಕೆ ಹೋಗಿ ಗೂಟದ ಕೆಳಗೆ ನಿಂತು ಮೈಕಿಗೆ ಎದುರು ಬೊಗಳತೊಡಗಿದ. ಮೈಕು ಬಿಡಲಿಲ್ಲ, ಕಾಳ್ಯಾನೂ ಬಿಡಲಿಲ್ಲ. ಇಬ್ಬರ ಸದ್ದಿಗೆ ಊರ ನಾಯಿಗಳೆಲ್ಲ ದನಿಗೂಡಿಸಿದವು. ಒಳಗಿನಿಂದ ಬಂದ ಸೋದರಮಾವನ ಮಗನ ಹೆಂಡತಿ ಚರಿಗೆ ತುಂಬ ನೀರು ನನ್ನ ಮುಂದಿಟ್ಟು, "ಕೇಳಿದ್ರೇನ್ರಿ ಅಣ್ಣಾರ? ಮನ್ಯಾಗ ನಾ ನಾಕ್ ಮಾತ ಕೇಳಿದ್ರ 'ಹ್ಞೂಂ' ಅನ್ನಾಕ ಹೊತ್ತ ಇಲ್ಲ ಇವರಿಗೆ. ಹೊಲ್ದಾಗ ನೋಡ್ರಿ, ಮುಂಜಾನೆತನಕ ಎಷ್ಟ್ ಚೆಂದ ಮಾತಾಡ್ತಾರ!" ಎಂದಳು.

ಹಂದಿಗಳ ಕತೆ ಏನಾಯಿತೆಂದರೆ, ಮೊದಲ ಕೆಲವು ರಾತ್ರಿ ದೂರ ನಿಂತು ಕೇಳಿದವು. ಆಮೇಲೆ ಅವಕ್ಕೆ ಲೆಕ್ಕ ಸಿಕ್ಕಿತು. ನಾಯಿ ಆದ ಮೇಲೆ ಮನುಷ್ಯ ಬರುತ್ತಾನೆ, ಮನುಷ್ಯನಾದ ಮೇಲೆ ಡಬ್ಬಿ, ಯಾರೂ ಹತ್ತಿರ ಬರುವುದಿಲ್ಲ. ಮೈಕಿನ ಗೂಟದ ಸುತ್ತಲಿನ ಸಾಲನ್ನೇ ಹುಡುಕಿ ಕೆಡವಿ ತಿಂದವು. ಊಟದ ಹೊತ್ತಿಗೆ ಹಾಡು ಹಚ್ಚಿಕೊಂಡು ಕೂರುವ ಚಟ ಮನುಷ್ಯರಿಗೆ ಮಾತ್ರ ಇರಬೇಕೆಂದೇನೂ ಇಲ್ಲವಲ್ಲ.

ಸುಳ್ಳು ಪ್ರಾಣಿಯ ಉಪಾಯ ನಮ್ಮವರಿಗೆ ಮಾತ್ರ ಹೊಳೆದದ್ದಲ್ಲ. ಪಕ್ಕದ ಶಿವಮೊಗ್ಗ ಜಿಲ್ಲೆಯ ರೈತರೊಬ್ಬರು ಮಂಗಗಳ ಕಾಟಕ್ಕೆ ಬೇಸತ್ತು ತಮ್ಮ ನಾಯಿಯ ಮೈಮೇಲೆ ಹುಲಿಯ ಪಟ್ಟೆ ಬಳಿದದ್ದು 2019ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಬಣ್ಣದ ಕೆಲಸ ಮೆಚ್ಚತಕ್ಕದ್ದೇ. ಆದರೆ ಆ ಹುಲಿ ಒಮ್ಮೆ 'ಬೌ' ಎಂದುಬಿಟ್ಟರೆ ಗತಿಯೇನು ಎಂಬ ಚಿಂತೆ ನನ್ನನ್ನು ಬಹಳ ಕಾಡಿತು. ಹಾನಗಲ್ಲಿನ ಮಂಗಗಳ ಮುಂದಂತೂ ಇಂಥ ಆಟ ನಡೆಯುವುದಿಲ್ಲ. ಹಾನಗಲ್ಲ ಕದಂಬರ ಲಾಂಛನ ಸಿಂಹ, ಧ್ವಜದ ಮೇಲೆ ವಾನರ. ಸಿಂಹ ಅರಸರ ಜೊತೆಗೆ ಹೋಯಿತು. ವಾನರ ಧ್ವಜದಿಂದ ಇಳಿದು ಹೆಂಚಿನ ಮೇಲೆ ಬಂದು ಕೂತಿದೆ. ಒಂಬೈನೂರು ವರ್ಷಗಳ ರಾಜಮರ್ಯಾದೆ ಉಂಡದ್ದಕ್ಕೆ ಬಣ್ಣ ಬಳಿದ ನಾಯಿ ಯಾವ ಲೆಕ್ಕ?

ಎಲ್ಲ ಬೊಗಳಾಟವೂ ನಗೆಯ ಮಾತಲ್ಲ. ರಾಣೇಬೆನ್ನೂರ ತಾಲ್ಲೂಕಿನ ದೇವರಗುಡ್ಡದಲ್ಲಿ ಮೈಲಾರಲಿಂಗನ ಸನ್ನಿಧಿಗೆ ದಸರಾ ಹೊತ್ತಿನಲ್ಲಿ ಹೋದವರಿಗೆ ಗೊತ್ತು. ಕರಿಯ ಕಂಬಳಿ ಹೊದ್ದ ಗೊರವಯ್ಯಗಳು ದೋಣಿಯೆಂಬ ಪಾತ್ರೆಯ ಮುಂದೆ ಮಂಡಿಯೂರಿ, ದೇವರ ನಾಯಿಗಳಾಗಿ ಬೊಗಳಿ, ದೋಣಿಗೆ ಬಾಯಿ ಹಾಕಿ ಪ್ರಸಾದ ತಿನ್ನುತ್ತಾರೆ. ಅದು ಹರಕೆ, ಅದು ಸೇವೆ. ನಮ್ಮ ಕಡೆಯ ಹೊಲ-ಮನೆಗಳಿಂದ ನಡೆದುಕೊಂಡೇ ಹೋಗಿ ದೋಣಿ ತುಂಬಿಸಿ ಬರುವವರಿದ್ದಾರೆ. ಆ ದನಿ ಕೇಳುವಾಗ ಮೈಮೇಲೆ ಮುಳ್ಳು ಏಳುತ್ತದೆ. ಅಲ್ಲಿ ನಾಯಿಯ ಅನುಕರಣೆ ಎಂಬ ಮಾತೇ ಬಾಯಿಗೆ ಬರುವುದಿಲ್ಲ.

ಪ್ರಾಣಿಯ ಭಾಷೆಯನ್ನು ಕನ್ನಡಕ್ಕೆ ಇಳಿಸುವ ಕೆಲಸ ಬುಡಬುಡಿಕೆಯವರದು. ನಸುಕಿನಲ್ಲಿ ಹಾಲಕ್ಕಿ ನುಡಿಯಿತೆಂದು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಹಾಲಕ್ಕಿಯೆಂದರೆ ಗೇಣುದ್ದದ ಗೂಬೆ. ಚಿರ್ ಚಿರ್ ಎಂದು ಕಿರುಚಿದ್ದನ್ನು ನಾನೂ ಕೇಳಿದ್ದೇನೆ. ಆ ಎರಡು ಕಿರುಚಿನೊಳಗೆ ಮಗನ ನೌಕರಿ, ಮಗಳ ಲಗ್ನ, ಪೂರ್ವದಿಕ್ಕಿನಿಂದ ಬರುವ ಸಿಹಿಸುದ್ದಿ, ಮನೆಯೊಡೆಯನಿಗಿರುವ ಸಣ್ಣದೊಂದು ಕಂಟಕ, ಅದಕ್ಕೆ ಪರಿಹಾರವಾಗಿ ಒಂದು ಹಳೆಯ ಅಂಗಿ, ಇಷ್ಟೆಲ್ಲ ಇರುತ್ತದೆ. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಹೆಚ್ಚು ಹೇಳುವ ಕವಿ ಕನ್ನಡದಲ್ಲಿ ಹಿರೇಕೆರೂರ ತಾಲ್ಲೂಕಿನ ಸರ್ವಜ್ಞನೊಬ್ಬನೇ. ಅವನಿಗೂ ಮೂರು ಸಾಲು ಬೇಕಾದವು. ಇನ್ನು ಹಲ್ಲಿ. ಹೆಣ್ಣು ನೋಡುವ ಮಾತುಕತೆಯಲ್ಲಿ ಎರಡೂ ಕಡೆಯ ಹಿರಿಯರು ಗಂಟೆಗಟ್ಟಲೆ ವಾದಿಸಿ ಮುಗಿಯದ್ದು, ಗೋಡೆಯ ಮೇಲಿನ ಹಲ್ಲಿ 'ಲೊಚ್ ಲೊಚ್' ಎಂದರೆ ಮುಗಿದುಹೋಗುತ್ತದೆ. "ನೋಡ್ರಿ, ಸತ್ಯ ಐತಿ" ಎಂದು ನೆಲಕ್ಕೆ ಬೆರಳು ಬಡಿದು ಎಲೆ-ಅಡಿಕೆ ಬದಲಾಯಿಸುತ್ತಾರೆ. ನನ್ನ ಲಗ್ನವೂ ಸವಣೂರಿನ ಒಂದು ಹಲ್ಲಿಯ ಸಾಕ್ಷಿಯ ಮೇಲೆ ನಿಂತದ್ದು. ಹಲ್ಲಿ ಯಾರ ಮಾತಿಗೆ ಸಾಕ್ಷಿ ಹೇಳಿತು ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಇಂದಿಗೂ ಒಮ್ಮತವಿಲ್ಲ.

ಇರುವ ಪ್ರಾಣಿಗಳ ಕತೆ ಹೀಗಾದರೆ, ಇಲ್ಲದ ಪ್ರಾಣಿಗಳದ್ದು? ಈ ಪ್ರಶ್ನೆ ನನ್ನದಲ್ಲ, ಮೊಮ್ಮಗಳದು. ಸರ್ಕಾರದ ಲಾಂಛನ ನೋಡುತ್ತ ಕೂತವಳು ತಲೆಯೆತ್ತಿ, "ಅಜ್ಜಾ, ಗಂಡಭೇರುಂಡ ಹೆಂಗ ಒದರತೈತಿ?" ಎಂದಳು. ಮಾಸ್ತರಿಕೆ ಮಾಡಿದಷ್ಟು ವರ್ಷವೂ ಇಂಥ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ.

ಗಂಡಭೇರುಂಡ ನಮಗೆ ದೂರದ ಹಕ್ಕಿಯಲ್ಲ. ಹಿರೇಕೆರೂರಿನಿಂದ ಶಿರಾಳಕೊಪ್ಪ ದಾಟಿದರೆ ಬಳ್ಳಿಗಾವಿ. ಅಲ್ಲಿ 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಕಂಬದ ತುದಿಯಲ್ಲಿ, ಮನುಷ್ಯನ ಮೈ, ಹಕ್ಕಿಯ ಎರಡು ತಲೆ ಹೊತ್ತು ಅದು ನಿಂತಿದೆ. ಎರಡು ಕೊಕ್ಕು, ಅಂದರೆ ಜುಗಲ್ಬಂದಿಯಾದರೂ ಇರಬೇಕು. ಒಂದು ಕೊಕ್ಕು ಷಡ್ಜ ಹಿಡಿದರೆ ಇನ್ನೊಂದು ಪಂಚಮ. ಸಾವಿರ ವರ್ಷಕ್ಕೆ ಹತ್ತಿರ ಬಂತು, ಕಂಬದ ಮೇಲಿನದು ಆಲಾಪವನ್ನೇ ಎತ್ತಿಕೊಂಡಿಲ್ಲ. ಆದರೆ ಅದರ ದನಿಯನ್ನು ನಾನು ಕೇಳಿದ್ದೇನೆ, ಖಂಡಿತವಾಗಿ. ನಮ್ಮ ರಾಜ್ಯದ ಲಾಂಛನದಲ್ಲಿರುವ ಆ ಹಕ್ಕಿ ಕೂತಿರುವುದು ಸರ್ಕಾರಿ ಕಾಗದದ ಮೇಲೆ. ಹೊಲದ ಉತಾರಕ್ಕೆಂದು ಅರ್ಜಿ ಹಿಡಿದು ಒಂದು ಕಚೇರಿಗೆ (ತಾಲ್ಲೂಕು ಯಾವುದೆಂದು ಹೇಳಲಾರೆ, ಅಲ್ಲಿ ನನ್ನ ಇನ್ನೊಂದು ಅರ್ಜಿ ಇದೆ) ಅಲೆಯುತ್ತಿದ್ದಾಗ ಅದರ ಎರಡೂ ತಲೆಗಳ ಮಾತು ಕೇಳಿಸಿತು. ಒಂದು ತಲೆ "ನಾಳೆ ಬರ್ರಿ" ಎನ್ನುತ್ತದೆ. ಇನ್ನೊಂದು, "ಇದು ನಮ್ಮ ಸೆಕ್ಷನ್‌ಗೆ ಬರಂಗಿಲ್ರಿ" ಎನ್ನುತ್ತದೆ. ಎರಡೂ ತಲೆ ಒಂದಾದ ದಿನ ಹಕ್ಕಿ ತನ್ನ ನಿಜವಾದ ಕೂಗು ಹಾಕುತ್ತದೆ: 'ಠಪ್'. ಆ ಸೀಲಿನ ಸದ್ದಿಗಾಗಿ ಬಾಗಿಲಲ್ಲಿ ಕಾದವರಿಗೆ ಕೋಗಿಲೆಯ ಪಂಚಮ ಏನೇನೂ ಅಲ್ಲ. ಮೊಮ್ಮಗಳಿಗೆ ಅದನ್ನೇ ಹೇಳಿದೆ. ಅವಳು ಮನೆಯ ಎಲ್ಲ ಹಾಳೆಗಳ ಮೇಲೂ ಒಂದು ವಾರ ಠಪ್ ಠಪ್ ಎನ್ನುತ್ತ ತಿರುಗಿದಳು.

ಮಕರ ಎಂಬುದು ಇನ್ನೊಂದು. ಚಾಲುಕ್ಯರ ಕಾಲದ ಗುಡಿಗಳ ತೋರಣ ನೋಡಿದವರಿಗೆ ಪರಿಚಯವುಂಟು. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಹಿಂದೆ ಬಳ್ಳಿ-ಬಳ್ಳಿಯಾಗಿ ಸುರುಳಿ ಸುತ್ತಿದ ಬಾಲ. ಶಿಲ್ಪಿಗಳು ಮೈಯನ್ನು ತುಂಡು ತುಂಡಾಗಿ ಕೂಡಿಸಿದರು, ದನಿಯನ್ನು ಕೂಡಿಸಲು ಮರೆತರು. ಆ ಕೆಲಸವನ್ನು ಹಾಲಿವುಡ್ಡಿನವರು ಪೂರೈಸಿದ್ದಾರೆ. 1993ರ 'ಜುರಾಸಿಕ್ ಪಾರ್ಕ್' ಚಿತ್ರದ ಆ ದೊಡ್ಡ ಡೈನೊಸಾರ್ ಗರ್ಜನೆಯಲ್ಲಿ ಇರುವುದು ಒಂದು ಆನೆಮರಿ, ಒಂದು ಹುಲಿ, ಒಂದು ಮೊಸಳೆ. ಅಡುಗೆಮನೆಗೆ ನುಗ್ಗಿ ಮಕ್ಕಳನ್ನು ಹುಡುಕುವ ಸಣ್ಣ ಡೈನೊಸಾರ್‌ಗಳ ದನಿಗೆ ಆಮೆಗಳ ಸರಸದ ಸದ್ದನ್ನೂ ಸೇರಿಸಿದರು. ಆಮೆಗಳ ಒಪ್ಪಿಗೆ ಕೇಳಿದ್ದರೋ ಇಲ್ಲವೋ. ಜಪಾನಿನವರದು ಇನ್ನೂ ಸುಲಭದ ದಾರಿ. 1954ರಲ್ಲಿ ಗಾಡ್ಜಿಲ್ಲಾ ಎಂಬ ರಾಕ್ಷಸ ಪ್ರಾಣಿಗೆ ದನಿ ಬೇಕಾದಾಗ ಸಂಗೀತಗಾರ ಅಕಿರಾ ಇಫುಕುಬೆ ದೊಡ್ಡ ಪಿಟೀಲಿನಂಥ ಡಬಲ್ ಬಾಸ್ ವಾದ್ಯದ ತಂತಿ ಸಡಿಲಿಸಿ, ಅದರ ಮೇಲೆ ಅಂಟು ಬಳಿದ ಚರ್ಮದ ಕೈಗವಸು ಎಳೆಸಿದ. ಪ್ರಪಂಚವೇ ನಡುಗಿತು. ಇದನ್ನು ಪೇಟಿ ಮಾಸ್ತರರಿಗೆ ಹೇಳಿದಾಗ ಅವರು ತಮ್ಮ ಪೇಟಿಯನ್ನು ನನ್ನ ಕೈಗೆ ಸಿಗದಂತೆ ಒಳಗೆ ಇಟ್ಟುಬಂದರು.

ಇಲ್ಲದ ಪ್ರಾಣಿಯನ್ನು ನಮಗೆ ಎಲ್ಲರಿಗಿಂತ ಹತ್ತಿರಕ್ಕೆ ತಂದವರು ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ಷರೀಫ ಸಾಹೇಬರು, 1819ರಿಂದ 1889ರವರೆಗೆ ಬಾಳಿದವರು. ಕೋಡಗವನ್ನೇ ನುಂಗಿದ ಅವರ ಕೋಳಿಯನ್ನು ಸಿ. ಅಶ್ವತ್ಥ್ ಹಾಡಿ ಕನ್ನಡದ ಮನೆಮನೆಗೂ ಮುಟ್ಟಿಸಿದರು. ತತ್ವ ಬಲ್ಲವರು ಅದಕ್ಕೆ ಆಳವಾದ ಅರ್ಥ ಹೇಳುತ್ತಾರೆ, ಹೇಳಲಿ. ನನ್ನ ಚಿಂತೆ ಮರುದಿನ ಮುಂಜಾನೆಯದು. ಹೊಟ್ಟೆಯಲ್ಲಿ ಇಡೀ ಮಂಗ ಇಟ್ಟುಕೊಂಡ ಹುಂಜ ನಸುಕಿನಲ್ಲಿ ಕತ್ತು ಚಾಚಿದರೆ 'ಕೊಕ್ಕೊಕ್ಕೋ' ಬರುವುದೋ 'ಕಿಚಕಿಚ' ಬರುವುದೋ? ಅದನ್ನು ಕೇಳಿ ಎದ್ದು ದನ ಹೂಡುವ ರೈತನ ಗತಿ ಏನು?

ಇರುವ ಪ್ರಾಣಿ, ಇಲ್ಲದ ಪ್ರಾಣಿ ಎರಡರ ನಡುವೆ ಮೂರನೆಯದೊಂದು ಪಂಗಡ ಪುಣೆ-ಬೆಂಗಳೂರು ಹೆದ್ದಾರಿಯ ಬದಿ ಗೊಟಗೋಡಿಯಲ್ಲಿದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಸಿಮೆಂಟಿನ ಎತ್ತು, ಎಮ್ಮೆ, ಕುರಿ, ನಾಯಿಗಳು ನಿಜಗಾತ್ರದಲ್ಲಿ ನಿಂತಿವೆ. ಹಳ್ಳಿಯ ಬದುಕೇ ಅಲ್ಲಿ ಬಣ್ಣ ಹಚ್ಚಿಕೊಂಡು ನಿಂತಿದೆ. ಪ್ರವಾಸಕ್ಕೆ ಬಂದ ಶಾಲೆಯ ಹುಡುಗರು ಎಮ್ಮೆಯ ಬಳಿ ಹೋಗಿ 'ಊಂಯ್' ಎನ್ನುತ್ತಾರೆ, ಕುರಿಯ ಮುಂದೆ 'ಬ್ಯಾ' ಎನ್ನುತ್ತಾರೆ, ಹುಂಜ ಕಂಡರೆ ಕತ್ತು ಚಾಚುತ್ತಾರೆ. ಮಾಸ್ತರರು "ಒದರಬ್ಯಾಡ್ರಲೇ!" ಎಂದು ಅವರೆಲ್ಲರಿಗಿಂತ ಜೋರಾಗಿ ಒದರುತ್ತಾರೆ. ಸಿಮೆಂಟಿನ ಎಮ್ಮೆ ಕತ್ತೆಯಷ್ಟೇ ಮರ್ಯಾದೆಯಿಂದ ಸುಮ್ಮನಿರುತ್ತದೆ.

ಅದೇ ಗೊಟಗೋಡಿಯಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹಾಡು, ಕುಣಿತ, ದೊಡ್ಡಾಟ, ಗಾದೆಗಳ ಬಗ್ಗೆ ಅಲ್ಲಿಯ ವಿದ್ವಾಂಸರಿಗೆ ನಾನೇನೂ ಹೇಳಬೇಕಾಗಿಲ್ಲ. ಒಂದೇ ಒಂದು ವಿನಂತಿ ಇದೆ. ಪ್ರಾಣಿಗಳು ಮಾಡುವ ಸದ್ದಿಗಿಂತ ಪ್ರಾಣಿಗಳಿಗೆಂದು ನಮ್ಮ ಜನ ಮಾಡುವ ಸದ್ದು ಬೇಗ ಅಳಿಯುತ್ತಿದೆ. ಎಡದೆತ್ತಿಗೆ ಒಂದು ದನಿ, ಬಲದೆತ್ತಿಗೆ ಇನ್ನೊಂದು. ಸಾಲಿನ ಕೊನೆಗೆ ತಿರುಗಿಸುವಾಗ ಬೇರೆ. ನೀರು ಕುಡಿಸುವಾಗ ಹಾಕುವ ಸಿಳ್ಳೆ ಬೇರೆ. ಹಾಲು ಕರೆಯುವಾಗ ಎಮ್ಮೆಯ ಪಕ್ಕೆ ಸವರುತ್ತ ಆಡುವ ಮಾತಂತೂ ಯಾವ ಪುಸ್ತಕದಲ್ಲೂ ಇಲ್ಲ. ಟ್ರ್ಯಾಕ್ಟರಿಗೆ ಇದ್ಯಾವುದೂ ಬೇಕಾಗುವುದಿಲ್ಲ. ಈಗ ಎಪ್ಪತ್ತು-ಎಂಬತ್ತು ದಾಟಿದವರ ಬಾಯಲ್ಲಿ ಮಾತ್ರ ಇವು ಉಳಿದಿವೆ. ಒಂದು ಮೈಕು ಹಿಡಿದು ನಾಲ್ಕು ತಾಲ್ಲೂಕು ಸುತ್ತಿ ಇವನ್ನು ತುಂಬಿಕೊಳ್ಳಿ. ಹೊಲದ ಹಂದಿಗಳಿಗೆ ಕೇಳಿಸುವ ಮೈಕು ನಮ್ಮ ಮೊಮ್ಮಕ್ಕಳಿಗೂ ಒಂದಿಷ್ಟು ಕೇಳಿಸಲಿ.

ಹಾನಗಲ್ಲಿನಲ್ಲಿರುವ ನನ್ನ ಚಿಗವ್ವ ಕೋಳಿ ಕರೆಯುವ ದನಿಗೆ ಮೂರು ಓಣಿಯ ಕೋಳಿಗಳು ಬರುತ್ತವೆ. ಅದನ್ನು ಹಿಡಿದುಕೊಳ್ಳುವವರು ಮುಂಜಾನೆ ಏಳರೊಳಗೆ ಬರಬೇಕು. ಆಮೇಲೆ ಆಕೆ ಟೀವಿಯ ಮುಂದೆ ಕೂರುತ್ತಾಳೆ, ಕರೆದರೆ ಯಾರಿಗೂ ಓಗೊಡುವುದಿಲ್ಲ.